ಪರೀಕ್ಷೆಯ ಬೆಳಗಿನ ಸಾರು

ಮೊಮ್ಮಗಳು ಬೋರಮ್ ತನ್ನ ಮೊದಲ ಸಿನಿಮಾದ ಚಿತ್ರಕತೆಯನ್ನು ನನ್ನ ಕೈಗೆ ಕೊಟ್ಟದ್ದು ಕತೆ ಹೇಗಿದೆ ಎಂದು ಕೇಳುವುದಕ್ಕಲ್ಲ. ಅದರಲ್ಲಿ ಸಾವಿರದ ಒಂಬೈನೂರ ಅರವತ್ತನಾಲ್ಕರ ಒಂದು ಹಳ್ಳಿಶಾಲೆ ಬರುತ್ತದೆ, ಅಬಾಕಸ್ ಎಂಬ ಮಣಿಚೌಕಟ್ಟಿನ ಲೆಕ್ಕ ಬರುತ್ತದೆ, ಮಾಧ್ಯಮಿಕ ಶಾಲೆಯ ಪ್ರವೇಶ ಪರೀಕ್ಷೆ ಬರುತ್ತದೆ. ಈ ಮೂರನ್ನೂ ಕಂಡವನು ಮನೆಯಲ್ಲಿ ನಾನೊಬ್ಬನೇ.

"ತಪ್ಪು ಕಂಡಲ್ಲಿ ಗೆರೆ ಎಳೀರಿ ತಾತ. ಕತೆ ಬಗ್ಗೆ ಮಾತ್ರ ಏನೂ ಹೇಳ್ಬೇಡಿ," ಎಂದಳು.

"ಯಾಕೆ?"

"ನೀವು ಕತೆ ಬಗ್ಗೆ ಶುರು ಮಾಡಿದ್ರೆ ಅದು ಪಾಠ ಆಗ್ಬಿಡುತ್ತೆ."

ಮೂವತ್ತಾರು ವರ್ಷ ಲೆಕ್ಕದ ಮೇಷ್ಟರಾಗಿದ್ದವನಿಗೆ ಇದು ಹೊಸ ಮಾತಲ್ಲ. ಕೆಂಪು ಪೆನ್ಸಿಲ್ ಹಿಡಿದು ಕೂತೆ. ಮೊದಲ ನಲವತ್ತು ಪುಟಗಳಲ್ಲಿ ಹನ್ನೆರಡು ತಪ್ಪುಗಳು ಸಿಕ್ಕವು. ಹುಡುಗ ಮಣಿಚೌಕಟ್ಟಿನ ಮೇಲಿನ ಮಣಿಯನ್ನು ಹೆಬ್ಬೆರಳಿನಿಂದ ತಳ್ಳುತ್ತಾನೆ, ತೋರುಬೆರಳಿನಿಂದ ತಳ್ಳಬೇಕು. ನಮ್ಮ ಹಳ್ಳಿಗೆ ವಿದ್ಯುತ್ತು ಬರುವುದಕ್ಕೆ ಒಂಬತ್ತು ವರ್ಷ ಮೊದಲೇ ಅಲ್ಲಿ ಬಲ್ಬು ಉರಿಯುತ್ತದೆ. ಇಂಥವು. ನಲವತ್ತೊಂದನೆಯ ಪುಟದಲ್ಲಿ ಪೆನ್ಸಿಲ್ ನಿಂತಿತು.

ಅದು ಪರೀಕ್ಷೆಯ ದಿನದ ಬೆಳಗು. ತಾಯಿ ಮಗಳ ಮುಂದೆ ಒಂದು ಬಟ್ಟಲು ಕಡಲಪಾಚಿಯ ಸಾರು ಇಡುತ್ತಾಳೆ. ಮಗಳು ತಾಯಿಯ ಮುಖ ನೋಡುತ್ತಾಳೆ. ತಾಯಿ ಮುಖ ತಿರುಗಿಸುತ್ತಾಳೆ. ಮಗಳಿಗೆ ಅರ್ಥವಾಗುತ್ತದೆ, ನಗುತ್ತ, ಕೊನೆಯ ಹನಿಯವರೆಗೂ ಕುಡಿಯುತ್ತಾಳೆ. ಮುಂದಿನ ದೃಶ್ಯದಲ್ಲಿ ಅವಳು ಪರೀಕ್ಷಾ ಕೊಠಡಿಯಲ್ಲಿ ಏನೂ ಬರೆಯದೆ ಕೂತಿರುತ್ತಾಳೆ. ಖಾಲಿ ಉತ್ತರಪತ್ರಿಕೆಯ ಮೇಲೆ ಒಂದು ಹನಿ ಕಣ್ಣೀರು ಬೀಳುತ್ತದೆ. ಬೇರೆ ಶಾಲೆಯಲ್ಲಿ ಅದೇ ಪರೀಕ್ಷೆ ಬರೆದ ತಮ್ಮ ಪಾಸಾಗುತ್ತಾನೆ. ಅಕ್ಕ ಸೋಲ್ ನಗರದ ಹೊಲಿಗೆ ಕಾರ್ಖಾನೆಗೆ ಹೊರಡುತ್ತಾಳೆ.

ಪರೀಕ್ಷೆಯ ದಿನ ನಮ್ಮಲ್ಲಿ ಯಾರೂ ಪಾಚಿಯ ಸಾರು ಮುಟ್ಟುವುದಿಲ್ಲ. ಪಾಚಿ ಜಾರುತ್ತದೆ, ಕುಡಿದವನೂ ಜಾರಿ ಬೀಳುತ್ತಾನೆ. ಇದನ್ನು ನಂಬದವರ ಮನೆಯಲ್ಲೂ ಆ ದಿನ ಅದನ್ನು ಬೇಯಿಸುವುದಿಲ್ಲ. ಉಳಿದ ದಿನಗಳಲ್ಲಿ ಅದಕ್ಕಿಂತ ಒಳ್ಳೆಯ ಸಾರಿಲ್ಲ. ಬಾಣಂತಿಗೆ ಬಡಿಸುವುದು ಅದನ್ನೇ. ಹುಟ್ಟಿದ ದಿನ ಪ್ರತಿಯೊಬ್ಬರೂ ಉಣ್ಣುವುದು ಅದನ್ನೇ.

ಚಿತ್ರಕತೆಯ ಆ ತಮ್ಮ ನಾನು. ಆ ಅಕ್ಕ ನನ್ನ ಅಕ್ಕ ಪಿಲ್‌ಸುನ್, ಈಗ ಗುನ್ಸಾನ್ ಊರಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ಅವಳು ನನಗಿಂತ ಎರಡು ವರ್ಷಕ್ಕೆ ದೊಡ್ಡವಳಾದರೂ ನಾವಿಬ್ಬರೂ ಒಂದೇ ತರಗತಿಯಲ್ಲಿದ್ದೆವು. ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಸಾಕುವುದಕ್ಕೆ ಅವಳನ್ನು ಎರಡು ವರ್ಷ ಶಾಲೆಗೆ ಸೇರಿಸಿರಲಿಲ್ಲ.

"ಈ ಸಾರಿನ ವಿಷಯ ನಿನಗೆ ಯಾರು ಹೇಳಿದ್ದು?" ಎಂದು ಕೇಳಿದೆ.

"ಗುನ್ಸಾನ್ ದೊಡ್ಡಜ್ಜಿ. ಫೋನಲ್ಲಿ. 'ಪರೀಕ್ಷೆ ದಿನ ನಮ್ಮಮ್ಮ ನಂಗೆ ಪಾಚಿ ಸಾರು ಕೊಟ್ಟಳು, ಬೇಕಾದ್ರೆ ಅದನ್ನ ಸಿನಿಮಾಗೆ ಹಾಕ್ಕೋ' ಅಂದ್ರು. ಆಮೇಲೆ ಗಿರಾಕಿ ಬಂದ್ರು ಅಂತ ಫೋನ್ ಇಟ್ಟೇಬಿಟ್ರು. ಉಳಿದಿದ್ದೆಲ್ಲಾ ನಾನು ಕಟ್ಟಿದ್ದು."

"ನಗುತ್ತ ಕುಡಿದಳು ಅನ್ನೋದೂ ನೀನು ಕಟ್ಟಿದ್ದೇ?"

"ಅದು ನಿರ್ಮಾಪಕರು ಕಟ್ಟಿದ್ದು. ಅವಳು ಬಟ್ಟಲನ್ನ ಆ ಕಡೆ ತಳ್ಳಬೇಕು ಅಂತ ನಾನು ಬರೆದಿದ್ದೆ. ತಳ್ಳಿದ್ರೆ ಐವತ್ತು ದಾಟಿದೋರು ಯಾರೂ ಸಿನಿಮಾಗೆ ಬರಲ್ಲ ಅಂತಾರೆ."

"ನಗುತ್ತ ಕುಡಿದರೆ?"

"ನನ್ನ ವಯಸ್ಸಿನೋರು ಮಧ್ಯದಲ್ಲೇ ಎದ್ದು ಹೋಗ್ತಾರೆ." ಅವಳು ಪುಟವನ್ನು ತನ್ನ ಕಡೆಗೆ ಎಳೆದುಕೊಂಡಳು. "ನಿಜವಾಗಿ ಏನಾಯ್ತು ತಾತ? ನೀವೂ ಅಲ್ಲೇ ಇದ್ರಲ್ಲ."

ಇದ್ದೆ. ಕಂಡದ್ದು ಇಷ್ಟು: ಅಮ್ಮ ಅಕ್ಕನ ಮುಂದೆ ಬಟ್ಟಲು ಇಟ್ಟಳು. ನನ್ನ ಮುಂದೆ ಇಡಲಿಲ್ಲ. ನನ್ನ ಬಾಯಲ್ಲಿ ಅತ್ತೆ ತಂದುಕೊಟ್ಟ ಅಂಟುಮಿಠಾಯಿ ಇತ್ತು. ಪರೀಕ್ಷೆಗೆ ಹೋಗುವವನು ಅದನ್ನು ತಿಂದರೆ ಪಾಸಾದವರ ಪಟ್ಟಿಗೆ ಅಂಟಿಕೊಳ್ಳುತ್ತಾನೆ. ಬಟ್ಟಲಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಅದರ ಅರ್ಥವೂ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಒಂದು ವಾರದ ಮೇಲೆ ಅಕ್ಕ ತಾನು ಫೇಲಾದೆ ಎಂದಳು. ಮುಂದಿನ ವಸಂತದಲ್ಲಿ ಅವಳು ಸೋಲ್‌ಗೆ ಹೋದಳು. ಅವಳು ಹೊಲಿದಳು, ನಾನು ಓದಿದೆ.

ಅಮ್ಮ ತೀರಿಕೊಂಡು ಮೂವತ್ತೊಂದು ವರ್ಷವಾಯಿತು. ಅಕ್ಕ ಒಂದು ವರ್ಷವೂ ಅಮ್ಮನ ತಿಥಿಗೆ ಬಂದಿಲ್ಲ. ಅಪ್ಪನ ತಿಥಿಗೆ ಬರುತ್ತಾಳೆ, ಅಜ್ಜಿಯ ತಿಥಿಗೂ ಬರುತ್ತಾಳೆ. ಕಾರಣವನ್ನು ನಾನು ಕೇಳಿರಲಿಲ್ಲ, ಏಕೆಂದರೆ ನನಗೆ ಗೊತ್ತಿತ್ತು.

ಇದಿಷ್ಟನ್ನೂ ಬೋರಮ್‌ಗೆ ಹೇಳಿದೆ.

"ಹಾಗಾದ್ರೆ ಮುತ್ತಜ್ಜಿ ಬೇಕೂಂತ್ಲೇ ಮಾಡಿದ್ರಾ?"

"ಗೊತ್ತಿಲ್ಲ."

"ಶುಕ್ರವಾರ ಈ ದೃಶ್ಯ ತೆಗೀತೀವಿ ತಾತ. ತೆಗೆದ ಮೇಲೆ ಮುಗೀತು. ನೋಡಿದವರಿಗೆಲ್ಲಾ ಮುತ್ತಜ್ಜಿ ಅಂದ್ರೆ ಆ ಹೆಂಗಸೇ."

ಅಂದು ಸೋಮವಾರ. ಶುಕ್ರವಾರದೊಳಗೆ ಒಂದೇ ಒಂದು ವಿಷಯ ತಿಳಿಯಬೇಕಾಗಿತ್ತು: ಮಗಳು ಜಾರಿ ಬೀಳಲಿ ಎಂದೇ ಅಮ್ಮ ಆ ಸಾರು ಮಾಡಿದಳೇ, ಇಲ್ಲವೇ? ಇದನ್ನು ಅರವತ್ತು ವರ್ಷ ನಾನು ಉತ್ತರ ಸಿಕ್ಕ ಪ್ರಶ್ನೆ ಎಂದು ಬದಿಗಿಟ್ಟಿದ್ದೆ. ಉತ್ತರವನ್ನು ಒಮ್ಮೆಯೂ ತಾಳೆ ನೋಡಿರಲಿಲ್ಲ. ಯಾವ ವಿದ್ಯಾರ್ಥಿಯಾದರೂ ಹೀಗೆ ಮಾಡಿದ್ದರೆ ನಾನು ಅವನ ಪುಸ್ತಕವನ್ನು ಹಿಂದಕ್ಕೆ ಕೊಡುತ್ತಿದ್ದೆ.

ಮೊದಲು ಹೊಳೆದದ್ದು ಸರಳವಾದ ಊಹೆ. ಪರೀಕ್ಷೆಯ ಯೋಚನೆಯೇ ಇಲ್ಲದೆ ಪಾಚಿಯ ಸಾರು ಮಾಡುವುದಕ್ಕೆ ಒಂದೇ ಕಾರಣವಿರಲು ಸಾಧ್ಯ. ಅದು ಹುಟ್ಟಿದ ದಿನ. ಆದರೆ ಕುಟುಂಬದ ದಾಖಲೆಯಲ್ಲಿ ಅಕ್ಕ ಹುಟ್ಟಿದ್ದು ಮಾರ್ಚ್ ಒಂಬತ್ತು. ಪರೀಕ್ಷೆ ನಡೆದದ್ದು ಡಿಸೆಂಬರ್ ಏಳು. ಊಹೆ ಅಲ್ಲಿಗೇ ನಿಂತಿತು. ಅದೂ ಅಲ್ಲದೆ ಅಕ್ಕನ ಹುಟ್ಟಿದ ದಿನಕ್ಕೆಂದು ಅಮ್ಮ ಯಾವ ವರ್ಷವೂ ಸಾರು ಮಾಡಿದ ನೆನಪು ನನಗಿರಲಿಲ್ಲ. ನನಗೆ ಪ್ರತಿವರ್ಷ ಮಾಡಿದ್ದಳು.

ಮಂಗಳವಾರ ಬೆಳಿಗ್ಗೆ ಆ ಮಾರ್ಚ್ ಒಂಬತ್ತರ ಮೇಲೆಯೇ ನನಗೆ ಸಂಶಯ ಬಂತು. ಅಕ್ಕ ಹುಟ್ಟಿದ್ದು ಐವತ್ತರಲ್ಲಿ, ಯುದ್ಧದ ಮೊದಲ ಚಳಿಗಾಲದಲ್ಲಿ. ಮನೆಯವರು ಗುಡ್ಡದಲ್ಲಿ ಅಡಗಿದ್ದರು. ಊರಿಗೆ ಮರಳಿದ್ದು ಮಂಜು ಕರಗಿದ ಮೇಲೆ. ಆ ಕಾಲದಲ್ಲಿ ಅಪ್ಪಂದಿರು ಮಗು ಬದುಕುತ್ತದೆ ಎಂದು ಖಾತ್ರಿಯಾದ ಮೇಲೆ ಕಚೇರಿಗೆ ಹೋಗುತ್ತಿದ್ದರು, ಹೋದ ದಿನವನ್ನೇ ಹುಟ್ಟಿದ ದಿನ ಎಂದು ಬರೆಸಿ ಬರುತ್ತಿದ್ದರು. ಮಾರ್ಚ್ ಒಂಬತ್ತು ಅಪ್ಪ ಕಚೇರಿಗೆ ಹೋದ ದಿನ. ಅಕ್ಕ ಹುಟ್ಟಿದ ದಿನ ಬೇರೆ ಯಾವುದೋ ಇರಬೇಕು.

ಯಾವುದು? ಬರೆದಿಟ್ಟವರಿಲ್ಲ. ಅಮ್ಮನಿಗೆ ಓದು ಬರುತ್ತಿರಲಿಲ್ಲ. ಆದರೆ ಅವಳು ಆಡುತ್ತಿದ್ದ ಒಂದು ಮಾತು ನೆನಪಾಯಿತು. ನನ್ನ ಚಿಕ್ಕಪ್ಪ ಆ ಚಳಿಗಾಲದಲ್ಲೇ ಗುಡ್ಡದಲ್ಲಿ ಗುಂಡೇಟು ಬಿದ್ದು ಸತ್ತ. ವರ್ಷವರ್ಷವೂ ಅವನ ತಿಥಿಯ ಪಾತ್ರೆ ತೊಳೆಯುವಾಗ ಅಮ್ಮ, "ಒಬ್ಬ ಹೋದ, ಮಾರನೇ ದಿನ ಒಬ್ಬಳು ಬಂದಳು," ಎನ್ನುತ್ತಿದ್ದಳು. ನಾನು ಅದನ್ನು ಲೋಕದ ರೀತಿಯ ಬಗ್ಗೆ ಹೆಂಗಸರು ಆಡುವ ಮಾತು ಎಂದುಕೊಂಡಿದ್ದೆ. ಅದರಲ್ಲಿ ಒಂದು ಸಂಖ್ಯೆ ಇದೆ ಎಂದು ಲೆಕ್ಕದ ಮೇಷ್ಟರಿಗೆ ಹೊಳೆದಿರಲಿಲ್ಲ.

ಚಿಕ್ಕಪ್ಪನಿಗೆ ಮಕ್ಕಳಿಲ್ಲ. ಅವನ ತಿಥಿಯನ್ನು ಇಂದಿಗೂ ನಡೆಸುವವನು ನಾನೇ. ಚಾಂದ್ರಮಾನದ ಹನ್ನೊಂದನೆಯ ತಿಂಗಳು, ಮೂರನೆಯ ದಿನ. ಹಾಗಾದರೆ ಅಕ್ಕ ಹುಟ್ಟಿದ್ದು ಅದೇ ತಿಂಗಳ ನಾಲ್ಕನೆಯ ದಿನ.

ಕಪಾಟಿನಿಂದ ಹಳೆಯ ಪಂಚಾಂಗದ ದಪ್ಪ ಪುಸ್ತಕ ತೆಗೆದು ಪರೀಕ್ಷೆ ನಡೆದ ವರ್ಷದ ಪುಟ ಹುಡುಕಿದೆ. ಹನ್ನೊಂದನೆಯ ತಿಂಗಳ ಅಮಾವಾಸ್ಯೆ ಡಿಸೆಂಬರ್ ನಾಲ್ಕಕ್ಕೆ ಬಿದ್ದಿತ್ತು. ನಮ್ಮ ಎಣಿಕೆಯಲ್ಲಿ ಅದೇ ತಿಂಗಳ ಮೊದಲ ದಿನ. ನಾಲ್ಕು ಒಂದು, ಐದು ಎರಡು, ಆರು ಮೂರು. ಡಿಸೆಂಬರ್ ಏಳು ನಾಲ್ಕನೆಯ ದಿನ.

ಬೆರಳನ್ನು ಆ ಮನೆಯ ಮೇಲಿಟ್ಟು ಮತ್ತೆ ಎಣಿಸಿದೆ. ಉತ್ತರ ಬದಲಾಗಲಿಲ್ಲ.

ಉಳಿದದ್ದು ಒಂದು ಪ್ರಶ್ನೆ. ಹಿಂದಿನ ಯಾವ ವರ್ಷವೂ ಮಾಡದ ಸಾರನ್ನು ಆ ವರ್ಷ ಮಾತ್ರ ಏಕೆ ಮಾಡಿದಳು? ಇದಕ್ಕೆ ಪುಸ್ತಕ ಬೇಕಾಗಲಿಲ್ಲ. ಅಜ್ಜಿಗೆ ಚಿಕ್ಕಪ್ಪ ಕಿರಿಯ ಮಗ. ಅವನ ತಿಥಿಯ ಮಾರನೆಯ ದಿನ ಆ ಮನೆಯಲ್ಲಿ ಯಾರದೇ ಹುಟ್ಟಿದ ದಿನದ ಒಲೆ ಉರಿಯುವುದನ್ನು ಅಜ್ಜಿ ಸಹಿಸುತ್ತಿರಲಿಲ್ಲ. ಅಜ್ಜಿ ತೀರಿಕೊಂಡದ್ದು ಅರವತ್ತನಾಲ್ಕರ ಬೇಸಿಗೆಯಲ್ಲಿ. ಅಮ್ಮ ಯಾರ ಅಪ್ಪಣೆಯನ್ನೂ ಕೇಳದೆ ಮಗಳಿಗೆ ಸಾರು ಮಾಡಬಹುದಾಗಿದ್ದ ಮೊದಲನೆಯ ವರ್ಷ ಅದು. ಅಮ್ಮ ಮಲೆಯ ಕಡೆಯ ಕುಗ್ರಾಮದವಳು. ಅವಳ ಕಡೆಯಲ್ಲಿ ಅಲ್ಲಿಯವರೆಗೆ ಯಾರೂ ಪರೀಕ್ಷೆ ಎಂಬುದಕ್ಕೆ ಕೂತವರಲ್ಲ. ಪಾಚಿ ಜಾರುತ್ತದೆ ಎಂಬ ನಂಬಿಕೆ ನಮಗೆ ಬಂದದ್ದು ಶಾಲೆಯ ಅಂಗಳದಿಂದ, ಅಮ್ಮನಿಂದಲ್ಲ. ಮಿಠಾಯಿ ತಂದವಳೂ ಅತ್ತೆ, ಅಮ್ಮನಲ್ಲ.

ಬುಧವಾರ ಬೋರಮ್‌ಳನ್ನು ಕರೆದುಕೊಂಡು ನಾವಿರುವ ಜೊಂಜುವಿನಿಂದ ಗುನ್ಸಾನ್ ಬಸ್ಸು ಹತ್ತಿದೆ. ದಾರಿಯಲ್ಲಿ ಎಲ್ಲವನ್ನೂ ಹೇಳಿದೆ. ಅವಳು ನನ್ನ ಕಾಗದದ ಮೇಲಿನ ಎಣಿಕೆಯನ್ನು ಎರಡು ಸಲ ನೋಡಿದಳು.

"ದೊಡ್ಡಜ್ಜಿಗೆ ಖುಷಿ ಆಗುತ್ತೆ," ಎಂದಳು.

"ಆಗಬೇಕು," ಎಂದೆ.

ಅಕ್ಕನ ಅಂಗಡಿ ಸಂತೆಬೀದಿಯ ತುದಿಯಲ್ಲಿದೆ. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿಪೆಟ್ಟಿಗೆ, ಗೋಡೆಯ ತುಂಬ ಚೀಟಿ ಚುಚ್ಚಿದ ಪ್ಯಾಂಟುಗಳು. ಊರಿನವರ ಹೊಟ್ಟೆ ಎಷ್ಟೆಷ್ಟು ಬೆಳೆಯಿತು ಎಂಬುದು ಅವಳಿಗೆ ಗೊತ್ತಿರುವಷ್ಟು ವೈದ್ಯರಿಗೂ ಗೊತ್ತಿಲ್ಲ.

"ಏನೋ ಇಲ್‌ಹೋ, ಹೇಳದೆ ಕೇಳದೆ ಬಂದಿದೀಯ. ಯಾರು ಸತ್ರು?"

"ಯಾರೂ ಸತ್ತಿಲ್ಲ ಅಕ್ಕ."

"ಹಾಗಾದ್ರೆ ಪ್ಯಾಂಟ್ ಬಿಚ್ಚು. ಆ ಅಂಚು ನೋಡು, ಯಾವನು ಹೊಲಿದಿದ್ದು ಅದನ್ನ? ಗೋಣಿಚೀಲ ಹೊಲಿದ ತರ ಇದೆ." ಬೋರಮ್ ಕಡೆಗೆ ತಿರುಗಿದಳು. "ನೀನೇನೇ ಹುಡುಗಿ, ಇಷ್ಟು ಬಡಕಲಾಗಿದೀಯ? ಸಿನಿಮಾದೋರು ಊಟ ಹಾಕಲ್ವಾ?"

"ಹಾಕ್ತಾರೆ ದೊಡ್ಡಜ್ಜಿ. ತಿನ್ನೋಕೆ ಬಿಡಲ್ಲ."

ಅಕ್ಕ ಬಾರ್ಲಿಯ ಕಷಾಯ ಬಗ್ಗಿಸಿಕೊಟ್ಟು, ಸುಟ್ಟ ಗೆಣಸನ್ನು ಮುಂದಿಟ್ಟಳು. ನಾನು ಕಾಗದವನ್ನು ಜೇಬಿನಿಂದ ತೆಗೆಯುವ ಮೊದಲೇ ಬೋರಮ್ ಚಿತ್ರಕತೆ ತೆಗೆದಳು. ಯಾರ ಬಗ್ಗೆ ಬರೆದಿದೆಯೋ ಅವರಿಗೆ ಅದನ್ನು ಮೊದಲು ಓದಿ ಹೇಳಬೇಕು ಎಂಬುದು ಅವಳ ನಿಯಮ. ಅದು ಸರಿಯಾದ ನಿಯಮವೇ. ಅವಳು ನಲವತ್ತೊಂದನೆಯ ಪುಟವನ್ನು ಓದಿದಳು. ಸಾರಿನ ಭಾಗ ಓದುವಾಗ ಅಕ್ಕ ಯಾರದೋ ಪ್ಯಾಂಟಿನ ಹೊಲಿಗೆ ಬಿಚ್ಚುತ್ತಲೇ ಇದ್ದಳು. ಖಾಲಿ ಉತ್ತರಪತ್ರಿಕೆಯ ಮೇಲೆ ಕಣ್ಣೀರು ಬಿದ್ದಾಗ ತಲೆ ಎತ್ತಿದಳು.

"ಯಾರ ಕಣ್ಣೀರೇ ಅದು?"

"ನಿಮ್ಮದು ದೊಡ್ಡಜ್ಜಿ. ಅಂದ್ರೆ, ಆ ಹುಡುಗೀದು."

"ನಾನು ಒಳಗೆ ಹೋಗಿದ್ರೆ ತಾನೆ ಅಳೋದು?"

ಬೋರಮ್ ನನ್ನನ್ನು ನೋಡಿದಳು. ನಾನು ಅಕ್ಕನನ್ನು ನೋಡಿದೆ.

"ಹಂಗಂದ್ರೆ?" ಎಂದೆ.

"ಹಂಗಂದ್ರೆ ನಾನು ಪರೀಕ್ಷೆ ಬರೀಲೇ ಇಲ್ಲ ಕಣೋ." ಅವಳು ಕತ್ತರಿಯನ್ನು ಕೆಳಗಿಟ್ಟಳು. "ನೀನು ಗುಡ್ಡ ಹತ್ತಿ ಗಂಡುಹುಡುಗರ ಶಾಲೆಗೆ ಹೋದೆ. ನಾನು ಹೆಣ್ಣುಮಕ್ಕಳ ಶಾಲೆ ಗೇಟಿನವರೆಗೂ ಹೋದೆ. ಗೇಟಿನ ತುಂಬಾ ಅಂಟುಮಿಠಾಯಿ ಮೆತ್ತಿದ್ರು, ಒಬ್ಬೊಬ್ಬಳ ಅಮ್ಮನೂ ಕೈ ಮುಗಿದು ನಿಂತಿದ್ದಳು. ಗೇಟಿನ ತುಂಬಾ ಮಿಠಾಯಿ, ನನ್ನ ಹೊಟ್ಟೆ ತುಂಬಾ ಪಾಚಿ. ಹೆತ್ತೋಳೇ ಬೇಡ ಅಂದ್ಮೇಲೆ ಒಳಗೆ ಹೋಗಿ ಏನು ಕಡಿದು ಹಾಕ್ಲಿ ಅನ್ನಿಸ್ತು. ತಿರುಗಿ ಬಂದೆ."

"ಸಂಜೇವರೆಗೂ ಎಲ್ಲಿದ್ದೆ ಅಕ್ಕ?"

"ಥಿಯೇಟರಲ್ಲಿ. ಏನು ಚಳಿ ಅವತ್ತು! ಅಲ್ಲಿ ಒಲೆ ಇತ್ತು. ಊಟಕ್ಕೆ ಅಂತ ಕೊಟ್ಟಿದ್ದು ಟಿಕೆಟ್ಟಿಗೆ ಹೋಯ್ತು."

"ಯಾವ ಸಿನಿಮಾ ದೊಡ್ಡಜ್ಜಿ?" ಬೋರಮ್ ಕುರ್ಚಿಯ ತುದಿಗೆ ಬಂದಿದ್ದಳು.

"ಹೆಸರು ಯಾರಿಗೆ ನೆನಪಿದೆ? ಅವಾಗ ಎಲ್ಲಾ ಒಂದೇ ತರ. ಒಬ್ಬಳು ಅಕ್ಕ. ತಮ್ಮನ ಓದಿಗೋಸ್ಕರ ಊರು ಬಿಟ್ಟು ಹೋಗ್ತಾಳೆ. ಕೊನೇಲಿ ತಮ್ಮ ಜಡ್ಜ್ ಆಗ್ತಾನೆ, ಅವಳು ಕೆಮ್ಮಿ ಕೆಮ್ಮಿ ಸಾಯ್ತಾಳೆ. ಇಡೀ ಥಿಯೇಟರ್ ಗೊಳೋ ಅಂತು. ಪಕ್ಕದಲ್ಲಿದ್ದ ಹೆಂಗಸು, ಗುರುತಿಲ್ಲ ಪರಿಚಯ ಇಲ್ಲ, ನನ್ನ ಕೈ ಹಿಡ್ಕೊಂಡು ಅತ್ತಳು."

"ನೀವು?"

"ಎರಡು ಆಟ ನೋಡ್ದೆ. ಎರಡು ಸಲಾನೂ ಅತ್ತೆ. ಆಚೆ ಬರೋವಾಗ ಒಂದು ಕೆಲಸ ಸಿಕ್ಕ ಹಾಗಿತ್ತು ನೋಡು. ಅಮ್ಮನಿಗೆ ಬೇಡವಾದ ಹುಡುಗಿ ಅನ್ನಿಸ್ಕೊಳ್ಳೋದಕ್ಕಿಂತ ತಮ್ಮನಿಗೋಸ್ಕರ ತ್ಯಾಗ ಮಾಡಿದ ಅಕ್ಕ ಅನ್ನಿಸ್ಕೊಳ್ಳೋದು ವಾಸಿ ಅಲ್ವಾ? ಸೋಲ್‌ನಲ್ಲಿ ಬೆರಳಿಗೆ ಸೂಜಿ ಹೊಕ್ಕಾಗೆಲ್ಲ ಆ ಸಿನಿಮಾ ನೆನೆಸ್ಕೊಂಡು ತಡ್ಕೊಂಡೆ. ಕೆಮ್ಮು ಮಾತ್ರ ಬರ್ಲಿಲ್ಲ."

"ನಾನು ಜಡ್ಜೂ ಆಗಲಿಲ್ಲ," ಎಂದೆ.

"ಅದನ್ನ ನೆನಪು ಮಾಡ್ಬೇಡ. ನಾನು ಪಟ್ಟ ಕಷ್ಟಕ್ಕೆ ಬಂದಿದ್ದು ಒಬ್ಬ ಲೆಕ್ಕದ ಮೇಷ್ಟ್ರು."

ಬೋರಮ್ ನಗಲಿಲ್ಲ. "ಯಾಕೆ ಕೇಳ್ಲಿಲ್ಲ ದೊಡ್ಡಜ್ಜಿ? 'ಅಮ್ಮ, ಇದ್ಯಾಕೆ ಇವತ್ತು' ಅಂತ? ಒಂದು ಮಾತು ಅಷ್ಟೇ ಅಲ್ವಾ?"

"ಒಂದು ಮಾತು ಅಂತೀಯ. ನಿಮಗೆ ಮಾತು ನಲ್ಲೀಲಿ ಬರುತ್ತೆ ಕಣೇ. ನಾವು ಬಾವಿಯಿಂದ ಹೊತ್ತು ತರ್ಬೇಕಿತ್ತು."

ನನ್ನ ಕೈ ಜೇಬಿನಲ್ಲಿತ್ತು, ಕಾಗದದ ಮೇಲೆ. ಬಸ್ಸಿನಲ್ಲಿ ಆ ಕಾಗದದ ಅರ್ಥ ಬೇರೆಯಾಗಿತ್ತು. ಅಮ್ಮ ತಪ್ಪು ಮಾಡಿಲ್ಲ ಎಂದು ಹೇಳಿದರೆ ಅಕ್ಕನ ಎದೆಯ ಭಾರ ಇಳಿಯುತ್ತದೆ ಎಂದುಕೊಂಡಿದ್ದೆ. ಈಗ ಅದೇ ಎಣಿಕೆ ಇನ್ನೊಂದನ್ನೂ ಹೇಳುತ್ತಿತ್ತು. ಅಕ್ಕನನ್ನು ಯಾರೂ ಬೀಳಿಸಿರಲಿಲ್ಲ. ಹುಟ್ಟಿದ ದಿನದ ಊಟ ಉಂಡು, ತೆರೆದಿದ್ದ ಗೇಟಿನ ಮುಂದಿನಿಂದ ಅವಳೇ ತಿರುಗಿ ಬಂದಿದ್ದಳು. ಅಕ್ಕನಿಗೆ ಅಮ್ಮನನ್ನು ಹಿಂದಕ್ಕೆ ಕೊಡಬೇಕಾದರೆ ಅರವತ್ತು ವರ್ಷದ ನಷ್ಟವನ್ನು ಅವಳ ಹೆಸರಿಗೇ ಬರೆಯಬೇಕಾಗಿತ್ತು.

ಬೋರಮ್‌ಗೂ ಇದು ಹೊಳೆದಿರಬೇಕು. ಅವಳು ನನ್ನ ಕಡೆ ನೋಡಿ ಸಣ್ಣಗೆ ತಲೆ ಅಲ್ಲಾಡಿಸಿದಳು, ಬೇಡ ಎಂಬಂತೆ.

ಆದರೆ ಪರೀಕ್ಷೆಯ ಆ ಬೆಳಿಗ್ಗೆ ನಾನು ಒಮ್ಮೆ ಬಾಯಿ ಬಿಡದೆ ಕೂತಿದ್ದೆ. ಎರಡನೆಯ ಸಲ ಹಾಗೆ ಕೂರುವುದು ನನ್ನಿಂದ ಆಗಲಿಲ್ಲ.

"ಅಕ್ಕ, ನೀನು ಹುಟ್ಟಿದ್ದು ಮಾರ್ಚ್ ಒಂಬತ್ತಕ್ಕಲ್ಲ," ಎಂದೆ. ಕಾಗದವನ್ನು ಯಂತ್ರದ ಹಲಗೆಯ ಮೇಲೆ ಹರಡಿ, ಚಿಕ್ಕಪ್ಪನ ತಿಥಿಯಿಂದ ಆರಂಭಿಸಿ ಡಿಸೆಂಬರ್ ಏಳರವರೆಗೆ ಒಂದು ಹೆಜ್ಜೆಯನ್ನೂ ಬಿಡದೆ ಹೇಳಿದೆ. ಅಜ್ಜಿಯ ವಿಷಯ ಹೇಳಿದೆ. ಮಿಠಾಯಿ ಅತ್ತೆಯದು ಎಂದು ಹೇಳಿದೆ.

ಅಕ್ಕ ಕನ್ನಡಕವನ್ನು ಹಣೆಯಿಂದ ಕೆಳಕ್ಕೆ ಇಳಿಸಿದಳು.

"ಇನ್ನೊಂದ್ಸಲ ಹೇಳು."

ಹೇಳಿದೆ.

"ಚಿಕ್ಕಪ್ಪ ಮೂರು. ನಾನು ನಾಲ್ಕು."

"ಹೌದು."

"ಆ ಪರೀಕ್ಷೆ ದಿನಾನೂ ನಾಲ್ಕು."

"ಹೌದು."

ಹೊರಗೆ ಮೀನಿನ ಗಾಡಿಯವನು ಕೂಗುತ್ತ ಹೋದ. ಅಕ್ಕ ಕಾಗದವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

"ಮಾಂಸ ಇತ್ತು," ಎಂದಳು.

"ಏನು?"

"ಸಾರಲ್ಲಿ ಮಾಂಸ ಇತ್ತು ಕಣೋ. ತಳದಲ್ಲಿ ಮೂರು ಚೂರು. ಪಾಚಿ ಕೆಳಗೆ. ನಾನು ಏನಂದ್ಕೊಂಡೆ ಗೊತ್ತಾ? ಮೋಸ ಮಾಡ್ತಿರೋಳು ಲಂಚ ಕೊಡ್ತಿದಾಳೆ ಅಂದ್ಕೊಂಡೆ."

ನಮ್ಮ ಮನೆಗೆ ಮಾಂಸ ಬರುತ್ತಿದ್ದದ್ದು ತಿಥಿಗೆ ಮಾತ್ರ. ತಿಥಿಯ ಎಡೆಯನ್ನು ಬಂದ ನೆಂಟರೆಲ್ಲ ಹಂಚಿಕೊಂಡು ತಿಂದಮೇಲೆ ಏನೂ ಉಳಿಯುತ್ತಿರಲಿಲ್ಲ. ಹಿಂದಿನ ದಿನ ಚಿಕ್ಕಪ್ಪನ ತಿಥಿಯಲ್ಲಿ ಅಮ್ಮ ಎಡೆ ಇಡುವುದಕ್ಕೆ ಮೊದಲೇ ಆ ಮೂರು ಚೂರನ್ನು ತೆಗೆದು, ಯಾರಿಗೂ ಕಾಣದಂತೆ ಒಂದು ದಿನ ಬಚ್ಚಿಟ್ಟಿರಬೇಕು. ಇದು ನನ್ನ ಎಣಿಕೆಯಲ್ಲಿ ಇರಲಿಲ್ಲ. ಎಣಿಕೆಗಿಂತ ಇದು ಗಟ್ಟಿಯಾದ ಪುರಾವೆ.

"ಇಷ್ಟು ವರ್ಷ ಅವಳ ಮೇಲೆ ಇಟ್ಕೊಂಡಿದ್ದ ಸಿಟ್ಟು ಇದೆಯಲ್ಲ," ಎಂದಳು ಅಕ್ಕ. "ಇದನ್ನ ಈಗ ಎಲ್ಲಿ ಇಡ್ಲಿ?"

"ಹೇಳಬಾರದಿತ್ತೇನೋ," ಎಂದೆ.

"ಬಾಯ್ಮುಚ್ಚು. ಅವತ್ತೊಂದ್ಸಲ ಬಾಯಲ್ಲಿ ಮಿಠಾಯಿ ತುಂಬ್ಕೊಂಡು ಕೂತಿದ್ಯಲ್ಲ, ಅದೇ ಸಾಕು." ಅವಳಿಗೆ ಅದು ಗೊತ್ತಿತ್ತು. ಯಾವಾಗಲೂ ಗೊತ್ತಿತ್ತು. ಹೇಳಿದ ರೀತಿಯಲ್ಲಿ ಮುನಿಸಿರಲಿಲ್ಲ. ಗೊತ್ತಿದೆ ಎಂದಷ್ಟೇ ಇತ್ತು. ಮೂಗನ್ನು ಬಟ್ಟೆಯ ತುಂಡಿನಲ್ಲಿ ಒರೆಸಿಕೊಂಡು ಬೋರಮ್ ಕಡೆಗೆ ತಿರುಗಿದಳು. "ಶುಕ್ರವಾರ ಅಂದ್ಯಲ್ಲ. ಏನ್ ಮಾಡ್ತೀಯ?"

"ಗೊತ್ತಿಲ್ಲ ದೊಡ್ಡಜ್ಜಿ. ಅವಳು ನಗಲೂ ಇಲ್ಲ, ಬಟ್ಟಲು ತಳ್ಳಲೂ ಇಲ್ಲ. ಎರಡೂ ಸುಳ್ಳಾಯ್ತು."

"ಹುಡುಗಿ ಮುಖ ಬಿಟ್ಟಾಕು. ಅಡುಗೆ ಮನೆ ತೋರ್ಸು. ಅಮ್ಮ ಪಾಚಿ ಕೆಳಗೆ ಮಾಂಸ ಹಾಕೋದು ಕಾಣ್ಲಿ. ಹುಡುಗಿಗೆ ಕಾಣಬಾರ್ದು, ನೋಡೋರಿಗೆ ಕಾಣ್ಬೇಕು. ಆಮೇಲೆ ಅವಳು ಸಿನಿಮಾಗೆ ಹೋಗ್ಲಿ."

"ನಿರ್ಮಾಪಕರು ಅಳು ಬೇಕು ಅಂತಾರೆ."

"ಥಿಯೇಟರ್ ಒಳಗೆ ಮುನ್ನೂರು ಜನ ಅಳ್ತಾ ಕೂತಿರ್ತಾರಲ್ಲ, ಸಾಲ್ದಾ ಅವನಿಗೆ?"

ಬೋರಮ್ ಚಿತ್ರಕತೆಯನ್ನು ಮಗುಚಿ ಹಿಂಬದಿಯಲ್ಲಿ ಬರೆಯತೊಡಗಿದಳು. ನಾನು ಕಾಗದವನ್ನು ಮಡಿಸುತ್ತಿದ್ದೆ. ಅಕ್ಕ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಇಸ್ತ್ರಿಪೆಟ್ಟಿಗೆಯ ಕೆಳಗೆ ಇಟ್ಟಳು.

"ಇಲ್‌ಹೋ," ಎಂದಳು. "ಅವತ್ತು ಲೆಕ್ಕದ ಪೇಪರಲ್ಲಿ ಏನು ಕೇಳಿದ್ರು?"

ಪ್ರಾಂತದ ಎಲ್ಲ ಶಾಲೆಗಳಿಗೂ ಅಂದು ಒಂದೇ ಪ್ರಶ್ನೆಪತ್ರಿಕೆ. ಇಪ್ಪತ್ತೈದು ಲೆಕ್ಕಗಳಿದ್ದವು. ಅರವತ್ತು ವರ್ಷದಲ್ಲಿ ಯಾರೂ ನನ್ನನ್ನು ಇದನ್ನು ಕೇಳಿರಲಿಲ್ಲ.

"ಒಂದು ಚೆನ್ನಾಗಿ ನೆನಪಿದೆ," ಎಂದೆ. "ಒಂದು ಹಗ್ಗವನ್ನು ಮರಕ್ಕೆ ಐದು ಸುತ್ತು ಸುತ್ತಿದರೆ ಮೂರಡಿ ಉಳಿಯುತ್ತದೆ. ಆರು ಸುತ್ತು ಸುತ್ತಲು ಹೋದರೆ ಎರಡಡಿ ಸಾಲದು. ಮರದ ಸುತ್ತಳತೆ ಎಷ್ಟು? ಹಗ್ಗದ ಉದ್ದ ಎಷ್ಟು?"

ಅಕ್ಕ ಕುತ್ತಿಗೆಗೆ ಹಾಕಿಕೊಂಡಿದ್ದ ಅಳತೆಪಟ್ಟಿಯ ತುದಿಯನ್ನು ಹಿಡಿದು, ಕಣ್ಣು ಮುಚ್ಚಿ, ಎದುರಿನಲ್ಲಿ ಯಾರದೋ ಸೊಂಟ ಇದೆಯೋ ಎಂಬಂತೆ ಗಾಳಿಯಲ್ಲಿ ಕೈ ಆಡಿಸಿದಳು.

"ಉಳಿದಿರೋ ಮೂರು ಆರನೇ ಸುತ್ತಿಗೆ ಹೋಯ್ತು. ಇನ್ನೂ ಎರಡು ಬೇಕು. ಸುತ್ತಳತೆ ಐದಡಿ. ಹಗ್ಗ ಇಪ್ಪತ್ತೆಂಟು." ಕಣ್ಣು ತೆರೆದಳು. "ಸರಿನಾ?"

"ಸರಿ."

"ನೀನು ಅವತ್ತು ಏನು ಬರೆದೆ?"

"ಮೂರರಲ್ಲಿ ಎರಡು ಕಳೆದು ಒಂದಡಿ ಎಂದು ಬರೆದೆ. ತಪ್ಪಾಯಿತು."

"ಒಂದಡಿ ಸುತ್ತಳತೆ ಮರಾನಾ?" ಅಕ್ಕ ನಕ್ಕಳು. ಬೋರಮ್ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತುವಷ್ಟು ಜೋರಾಗಿ ನಕ್ಕಳು. "ಅದು ಮರ ಅಲ್ಲ ಕಣೋ, ಹುಲ್ಲುಕಡ್ಡಿ! ಇವನು ಪಾಸು, ನೋಡೇ!"

ಬಾಗಿಲಲ್ಲಿ ಒಬ್ಬ ಗಿರಾಕಿ ಬಂದು ನಿಂತ. ತನ್ನ ಕೋಟು ಆಯಿತೇ ಎಂದು ಕೇಳಿದ.

"ಕೂತ್ಕೊಳ್ಳಿ ಸ್ವಾಮಿ, ಆಗುತ್ತೆ," ಎಂದು ಅಕ್ಕ ಅವನ ಕಡೆ ನೋಡದೆ ಸೀಮೆಸುಣ್ಣದ ತುಂಡನ್ನು ಹುಡುಕಿ ಕೈಗೆ ತೆಗೆದುಕೊಂಡಳು. "ಮುಂದಿಂದು ಹೇಳೋ."